ರ‍್ಯಾಂಪಿನಲ್ಲಿ ದೋಣಿಯನ್ನು ನೀರಿಗಿಳಿಸುವುದು, ಮತ್ತೆ ಟ್ರೇಲರಿಗೆ ಹತ್ತಿಸುವುದು

ಯಾವುದಾದರೂ ಸಾರ್ವಜನಿಕ ರ‍್ಯಾಂಪಿನ ಪಕ್ಕದಲ್ಲಿ, ಅಂದರೆ ದೋಣಿ ಇಳಿಸಲೆಂದು ದಡದಿಂದ ನೀರಿನೊಳಕ್ಕೆ ಕಟ್ಟಿದ ಇಳಿಜಾರಿನ ಪಕ್ಕದಲ್ಲಿ, ರಜೆಯ ದಿನ, ಒಂದು ಗಂಟೆ ಸುಮ್ಮನೆ ನಿಂತು ನೋಡಿ. ಕೆಲವರು ಬರುತ್ತಾರೆ, ಹಿಮ್ಮುಖವಾಗಿ ಇಳಿಯುತ್ತಾರೆ, ದೋಣಿ ತೇಲುತ್ತದೆ, ಕಾರು ಮೇಲೇರಿ ಹೋಗುತ್ತದೆ. ಎಲ್ಲ ಸೇರಿ ನಾಲ್ಕೈದು ನಿಮಿಷ. ಇನ್ನು ಕೆಲವರು ನೀರಿನಂಚಿಗೆ ಬಂದು ನಿಂತ ಮೇಲೆ ಪಟ್ಟಿ ಬಿಚ್ಚತೊಡಗುತ್ತಾರೆ, ಲೈಫ್ ಜಾಕೆಟ್ ಹುಡುಕುತ್ತಾರೆ, ಕಾರಿನಿಂದ ದೋಣಿಗೆ ಚೀಲಗಳನ್ನು ಸಾಗಿಸುತ್ತಾರೆ. ಹಿಂದೆ ಸಾಲು ಬೆಳೆಯುತ್ತದೆ, ಹಾರ್ನ್ ಕೇಳಿಸುತ್ತದೆ, ಗಡಿಬಿಡಿ ಶುರುವಾಗುತ್ತದೆ, ಗಡಿಬಿಡಿಯಲ್ಲಿ ಏನೋ ಒಂದು ಮರೆತುಹೋಗುತ್ತದೆ. ಇವರಿಬ್ಬರ ನಡುವಿನ ವ್ಯತ್ಯಾಸ ಚಾಲನೆಯ ಜಾಣ್ಮೆಯದಲ್ಲ. ಮೊದಲಿನವರು ಮಾಡಬೇಕಾದ ಕೆಲಸವನ್ನೆಲ್ಲ ಮೇಲೆ, ಸಮತಟ್ಟಾದ ಜಾಗದಲ್ಲೇ ಮುಗಿಸಿಕೊಂಡು ಬಂದಿರುತ್ತಾರೆ, ಅಷ್ಟೆ. ಇಳಿಜಾರಿನ ಮೇಲೆ ಯಾವ ತೀರ್ಮಾನವನ್ನೂ ಹೊಸದಾಗಿ ತೆಗೆದುಕೊಳ್ಳುವ ಪ್ರಸಂಗ ಬರಬಾರದು. ಈ ಬರಹದ ಅರ್ಧ ಭಾಗ ನೀರನ್ನು ಮುಟ್ಟುವ ಮೊದಲಿನ ಕೆಲಸಕ್ಕೇ ಮೀಸಲಾಗಿರುವುದು ಅದಕ್ಕಾಗಿ.

ಹೊರಡುವ ಮುನ್ನ

ಟ್ರೇಲರನ್ನು ಕಾರಿಗೆ ಜೋಡಿಸಿದ ಮೇಲೆ ನೋಡಬೇಕಾದವು ಕೆಲವೇ. ಟೋ ಬಾಲಿನ (ಕಾರಿನ ಹಿಂಬದಿಯಲ್ಲಿ ಟ್ರೇಲರನ್ನು ಸಿಕ್ಕಿಸುವ ಲೋಹದ ಗುಂಡು) ಅಳತೆಯೂ ಅದರ ಮೇಲೆ ಕೂರುವ ಟ್ರೇಲರಿನ ಮೂತಿಯ ಅಳತೆಯೂ ಒಂದೇ ಇರಬೇಕು. 50 ಮಿಲಿಮೀಟರಿನ ಬಾಲ್ ಮತ್ತು 1⅞ ಅಂಗುಲದ ಬಾಲ್ ಕಣ್ಣಿಗೆ ಒಂದೇ ರೀತಿ ಕಾಣುತ್ತವೆ, ಆದರೆ ಚಿಕ್ಕ ಬಾಲಿನ ಮೇಲೆ ದೊಡ್ಡ ಮೂತಿ ಕೂತರೆ ರಸ್ತೆಯ ಮೊದಲ ಹಳ್ಳದಲ್ಲೇ ಜಿಗಿದು ಹೊರಬರಬಹುದು. ಕೊಂಡಿ ಹಾಕಿದ ಮೇಲೆ ಟ್ರೇಲರಿನ ಮುಂಭಾಗವನ್ನು ಕೈಯಿಂದ ಎತ್ತಿ ನೋಡಿ. ಕಾರಿನ ಹಿಂಭಾಗವೂ ಜೊತೆಗೆ ಏಳಬೇಕು. ಸುರಕ್ಷತಾ ಸರಪಳಿಗಳು ಎರಡಿದ್ದರೆ ಅವನ್ನು ಮೂತಿಯ ಕೆಳಗೆ ಒಂದರ ಮೇಲೊಂದು ಕತ್ತರಿಯಂತೆ ಹಾಯಿಸಿ ಸಿಕ್ಕಿಸಬೇಕು. ಮೂತಿ ಕಳಚಿದರೂ ನೆಲಕ್ಕೆ ಕುಟ್ಟದೆ ಆ ತೊಟ್ಟಿಲಲ್ಲಿ ಕೂರುತ್ತದೆ. ದೀಪ, ಟೈರಿನ ಗಾಳಿ, ಹೆಚ್ಚುವರಿ ಚಕ್ರ: ಇವನ್ನು ನೋಡಿ ಎಂದು ಬೇರೆ ಹೇಳಬೇಕಾಗಿಲ್ಲ.

ಟ್ರೇಲರಿನೊಂದಿಗೆ ಹಿಮ್ಮುಖವಾಗಿ ಓಡಿಸಿ ಅಭ್ಯಾಸವಿಲ್ಲದವರು ರ‍್ಯಾಂಪಿಗೆ ಹೋಗಿ ಕಲಿಯುತ್ತೇನೆ ಎಂದುಕೊಳ್ಳಬೇಡಿ. ಖಾಲಿ ಮೈದಾನವೊಂದರಲ್ಲಿ ನಾಲ್ಕು ಕಲ್ಲಿಟ್ಟು ಎರಡು ಸಂಜೆ ಅಭ್ಯಾಸ ಮಾಡಿದರೆ ಸಾಕು. ಅಲ್ಲಿ ತಪ್ಪಿದರೆ ನೋಡುವವರಿಲ್ಲ, ಕೆಳಗೆ ನೀರೂ ಇಲ್ಲ.

ಮೊದಲು ಕಾಲ್ನಡಿಗೆಯಲ್ಲಿ ಇಳಿದು ನೋಡಿ

ಹೊಸ ಜಾಗಕ್ಕೆ ಹೋದಾಗ ಟ್ರೇಲರನ್ನು ಬದಿಗೆ ನಿಲ್ಲಿಸಿ, ರ‍್ಯಾಂಪಿನ ಮೇಲೆ ನಡೆದು ನೀರಿನವರೆಗೆ ಹೋಗಿ ಬನ್ನಿ. ಚೆನ್ನಾಗಿ ಕಟ್ಟಿದ ರ‍್ಯಾಂಪುಗಳ ಇಳಿಜಾರು ಸಾಮಾನ್ಯವಾಗಿ ಶೇ 12ರಿಂದ 15ರಷ್ಟಿರುತ್ತದೆ. ಅಂದರೆ ನೂರು ಅಡಿ ಮುಂದೆ ಹೋದರೆ ಹನ್ನೆರಡರಿಂದ ಹದಿನೈದು ಅಡಿ ಕೆಳಗೆ. ಇದಕ್ಕಿಂತ ಚಪ್ಪಟೆಯಾಗಿದ್ದರೆ ದೋಣಿ ತೇಲುವಷ್ಟು ಆಳ ಸಿಗುವ ಹೊತ್ತಿಗೆ ಕಾರಿನ ಹಿಂದಿನ ಚಕ್ರಗಳೇ ನೀರಿಗಿಳಿದಿರುತ್ತವೆ; ಇದಕ್ಕಿಂತ ಕಡಿದಾಗಿದ್ದರೆ ಮೇಲೆ ಎಳೆಯುವಾಗ ಕಾರು ಏದುಸಿರು ಬಿಡುತ್ತದೆ.

ಮುಖ್ಯವಾಗಿ ನೋಡಬೇಕಾದವು ಎರಡು. ಒಂದು, ಹಾವಸೆ. ನೀರು ಏರಿಳಿಯುವ ಕಡೆ ಕಾಂಕ್ರೀಟಿನ ಮೇಲೆ ಹಸಿರು ಪದರವೊಂದು ಕೂತಿರುತ್ತದೆ. ಅದು ಎಲ್ಲಿಂದ ಶುರುವಾಗುತ್ತದೆ ಎಂದು ಗುರುತಿಟ್ಟುಕೊಳ್ಳಿ, ಏಕೆಂದರೆ ಕಾರಿನ ಚಕ್ರಗಳು ಆ ಗೆರೆಯಿಂದ ಮೇಲೇ ಇರಬೇಕು. ಎರಡು, ಕಾಂಕ್ರೀಟು ಎಲ್ಲಿ ಮುಗಿಯುತ್ತದೆ ಎನ್ನುವುದು. ಉಬ್ಬರವಿಳಿತದ ನೀರಿನಲ್ಲಿ ಇದು ಇನ್ನೂ ಮುಖ್ಯ. ಉಬ್ಬರವಿದ್ದಾಗ ಧಾರಾಳವಾಗಿ ಕಂಡ ರ‍್ಯಾಂಪು ನೀವು ಸಂಜೆ ಮರಳುವ ಹೊತ್ತಿಗೆ ಇಳಿತದಲ್ಲಿ ಅರ್ಧಕ್ಕೇ ನಿಂತುಹೋಗಿರಬಹುದು. ಹೋಗುವ ಸಮಯವನ್ನಷ್ಟೇ ಅಲ್ಲ, ಬರುವ ಸಮಯವನ್ನೂ ಉಬ್ಬರದ ವೇಳಾಪಟ್ಟಿಯಲ್ಲಿ ನೋಡಿಕೊಂಡು ಹೊರಡಿ. ನೀರಿನೊಳಗಿನ ಅಂಚು ಕಾಣದಿದ್ದರೆ ಆಗಷ್ಟೇ ದೋಣಿ ಹತ್ತಿಸಿಕೊಂಡು ಬಂದವರನ್ನು ಕೇಳಿ, ಖುಷಿಯಿಂದ ಹೇಳುತ್ತಾರೆ.

ಗಾಳಿ ಯಾವ ಕಡೆಯಿಂದ ಬೀಸುತ್ತಿದೆ, ಸೆಳೆತ ಯಾವ ಕಡೆಗಿದೆ ಎಂಬುದನ್ನೂ ಈಗಲೇ ಗಮನಿಸಿಕೊಳ್ಳಿ. ಹಾಯಿದೋಣಿಯಾದರೆ ತಲೆಯೆತ್ತಿ ವಿದ್ಯುತ್ ತಂತಿಗಳನ್ನು ನೋಡದೆ ಕೂವೆಮರವನ್ನು (ಹಾಯಿ ಕಟ್ಟುವ ಕಂಬ) ನಿಲ್ಲಿಸಲೇಬೇಡಿ. ಅಲ್ಯೂಮಿನಿಯಂ ಕೂವೆಮರ ತಂತಿಗೆ ತಾಗಿದರೆ ಮುಂದೆ ಹೇಳುವುದಕ್ಕೇನೂ ಉಳಿಯುವುದಿಲ್ಲ.

ಮೇಲೆ ನಿಂತು ಮಾಡುವ ಕೆಲಸ

ರ‍್ಯಾಂಪಿನ ದಾರಿಗೆ ಅಡ್ಡವಾಗದ ಜಾಗದಲ್ಲಿ ನಿಲ್ಲಿಸಿ, ಅವಸರವಿಲ್ಲದೆ ಮೊದಲು ಬಿರಡೆ ಹಾಕಿ.

ಬಿರಡೆ ಎಂದರೆ ದೋಣಿಯ ಹಿಂಬದಿಯ ತಳದಲ್ಲಿ, ಒಳಗೆ ಸೇರಿದ ನೀರು ಬಸಿದುಹೋಗಲೆಂದು ಇರುವ ತೂತಿನ ಮುಚ್ಚಳ. ಹೆಬ್ಬೆರಳು ಗಾತ್ರದ ವಸ್ತು. ದೋಣಿ ಕೊಂಡ ಮೊದಲ ತಿಂಗಳಲ್ಲಿ ನಾನೂ ಅದನ್ನು ಮರೆತು ನೀರಿಗಿಳಿಸಿದೆ. ದೋಣಿ ಯಾಕೋ ಹಿಂಬದಿಗೆ ಭಾರವಾಗಿ ವಾಲಿದೆಯಲ್ಲ ಎಂದು ಯೋಚಿಸುತ್ತಿದ್ದವನಿಗೆ ಪಾದ ತಣ್ಣಗಾದಾಗ ವಿಷಯ ತಿಳಿಯಿತು. ಬಿರಡೆ ಭದ್ರವಾಗಿ ನನ್ನ ಅಂಗಿಯ ಜೇಬಿನಲ್ಲೇ ಇತ್ತು! ಅಂದಿನಿಂದ ಅದು ಇರುವುದು ಎಂಜಿನ್ನಿನ ಕೀಲಿಯ ಗೊಂಚಲಿನಲ್ಲಿ. ಬಿರಡೆಯನ್ನು ತೆಗೆದು ತಿರುಪದೆ ಕೀಲಿ ಕೈಗೆ ಬರುವುದಿಲ್ಲ. ನಿಮಗೂ ಹೀಗಾದರೆ, ಟ್ರೇಲರ್ ಇನ್ನೂ ನೀರಿನಲ್ಲಿದ್ದರೆ ದೋಣಿಯನ್ನು ತಕ್ಷಣ ಅದರ ಮೇಲೆಳೆದುಕೊಂಡು ಹೊರತನ್ನಿ. ಟ್ರೇಲರ್ ಹೋಗಿಯಾಗಿದ್ದರೆ ಜಟ್ಟಿಗೆ (ನೀರಿನ ಬದಿಯ ದೋಣಿ ಕಟ್ಟುವ ಕಟ್ಟೆ) ಬಿಗಿಯಾಗಿ ಕಟ್ಟಿ, ನೀರೆತ್ತುವ ಪಂಪು ಹಾಕಿ, ತೂತಿಗೆ ಕೈ ಎಟುಕಿದರೆ ಬಟ್ಟೆಯನ್ನಾದರೂ ತುರುಕಿ.

ಆಮೇಲೆ ದೋಣಿಯ ಹಿಂಬದಿಯನ್ನು ಟ್ರೇಲರಿಗೆ ಬಿಗಿದ ಪಟ್ಟಿಗಳನ್ನು ಬಿಚ್ಚಿ. ಇದನ್ನು ಮರೆತರೆ ದೋಣಿ ತೇಲುವುದಿಲ್ಲ; ಟ್ರೇಲರನ್ನೇ ಎತ್ತಿಕೊಳ್ಳಲು ನೋಡುತ್ತದೆ. ಮುಂದಿನ ವಿಂಚಿನ (ದೋಣಿಯನ್ನು ಟ್ರೇಲರಿನ ಮೇಲಕ್ಕೆ ಎಳೆಯುವ ಕೈರಾಟೆ) ಪಟ್ಟಿ ಮತ್ತು ಅದರ ಪಕ್ಕದ ಸರಪಳಿಯನ್ನು ಮಾತ್ರ ಈಗ ಮುಟ್ಟಬೇಡಿ. ರೋಲರ್ ಟ್ರೇಲರಿನವರಿಗಂತೂ ಇದು ಒತ್ತಿ ಹೇಳಬೇಕಾದ ಮಾತು. ಕಂಬಳಿ ಹೊದಿಸಿದ ಹಲಗೆಗಳ ಮೇಲೆ ಕೂತ ದೋಣಿಯನ್ನು ಘರ್ಷಣೆ ಸ್ವಲ್ಪವಾದರೂ ಹಿಡಿದಿರುತ್ತದೆ. ರೋಲರುಗಳ ಮೇಲಿನ ದೋಣಿಗೆ ಆ ಹಿಡಿತವೂ ಇಲ್ಲ. ವಿಂಚ್ ಬಿಚ್ಚಿ ಇಳಿಜಾರಿಗೆ ಬಂದರೆ ಅದು ನೀರಿಗಲ್ಲ, ಕಾಂಕ್ರೀಟಿಗೆ ಇಳಿಯುತ್ತದೆ.

ಎಂಜಿನ್ನನ್ನು ಮೇಲಕ್ಕೆತ್ತಿ ನಿಲ್ಲಿಸಿ, ಇಲ್ಲದಿದ್ದರೆ ಇಳಿಯುವಾಗ ಅದರ ತುದಿ ನೆಲಕ್ಕೆ ಉಜ್ಜುತ್ತದೆ. ಮುಂತುದಿಗೆ ಒಂದು, ಹಿಂಬದಿಗೆ ಒಂದು ಹಗ್ಗ ಕಟ್ಟಿ. ಮುಂದಿನ ಹಗ್ಗ ದೋಣಿಯಷ್ಟಾದರೂ ಉದ್ದವಿರಲಿ. ಜಟ್ಟಿಯ ಕಡೆಯ ಬದಿಗೆ ಫೆಂಡರುಗಳನ್ನು (ದೋಣಿ ಬಡಿಯದಂತೆ ತಡೆಯುವ ಮೆತ್ತೆಗಳು) ಇಳಿಬಿಡಿ. ಇಂಧನ, ಬ್ಯಾಟರಿ, ಲೈಫ್ ಜಾಕೆಟ್, ನೀರು, ಬಲೆ, ಗಾಳ, ಏನೆಲ್ಲ ಬೇಕೋ ಎಲ್ಲವೂ ಈಗಲೇ ದೋಣಿಯೊಳಗೆ ಸೇರಲಿ. ಟ್ರೇಲರಿನ ದೀಪಗಳ ಪ್ಲಗ್ಗನ್ನು ಕಾರಿನಿಂದ ಕಳಚಿ. ಹಳೆಯ ಬಗೆಯ ಬಲ್ಬುಗಳಾದರೆ ಬಿಸಿಯಾಗಿದ್ದಾಗ ತಣ್ಣೀರು ತಗುಲಿ ಒಡೆಯುತ್ತವೆ.

ಈ ಕೆಲಸಗಳಿಗೆಲ್ಲ ಕಾಲು ಗಂಟೆಯಾದರೂ ಬೇಕು, ಮತ್ತು ಆ ಕಾಲು ಗಂಟೆ ಚಕ್ರದ ಬೇರಿಂಗುಗಳಿಗೂ ಬೇಕು. ದೂರದಿಂದ ಓಡಿ ಬಂದ ಚಕ್ರದ ಹಬ್ (ಬೇರಿಂಗ್ ಕೂತಿರುವ ನಡುಭಾಗ) ಬೆಚ್ಚಗಿರುತ್ತದೆ, ಅದರೊಳಗಿನ ಗಾಳಿ ಹಿಗ್ಗಿರುತ್ತದೆ. ಹಾಗೆಯೇ ತಣ್ಣೀರಿಗೆ ಮುಳುಗಿಸಿದರೆ ಗಾಳಿ ಒಮ್ಮೆಲೇ ಕುಗ್ಗಿ, ಸೀಲಿನ ಸಂದಿನಿಂದ ನೀರನ್ನು ಒಳಗೆಳೆದುಕೊಳ್ಳುತ್ತದೆ. ಗ್ರೀಸಿನೊಂದಿಗೆ ನೀರು ಬೆರೆತು, ಬೇರಿಂಗಿಗೆ ತುಕ್ಕು ಹಿಡಿದು, ಒಂದು ದಿನ ಹೆದ್ದಾರಿಯ ನಡುವೆ ಚಕ್ರ ಕೈಕೊಡುತ್ತದೆ. ಹಬ್ಬಿನ ಮೇಲೆ ಅಂಗೈ ಇಟ್ಟು ನೋಡಿ. ಉಗುರು ಬೆಚ್ಚಗಿದ್ದರೆ ಸರಿ. ಕೈ ಇಡಲಾಗದಷ್ಟು ಸುಡುತ್ತಿದ್ದರೆ ಬೇರಿಂಗ್ ಅಥವಾ ಬ್ರೇಕಿನಲ್ಲಿ ಆಗಲೇ ಏನೋ ಕೆಟ್ಟಿದೆ ಎಂದೇ ಅರ್ಥ.

ಹಿಮ್ಮುಖವಾಗಿ ಇಳಿಯುವುದು

ಬಲಗೈಯೋ ಎಡಗೈಯೋ, ಒಂದೇ ಕೈಯನ್ನು ಸ್ಟಿಯರಿಂಗ್ ಚಕ್ರದ ತಳದಲ್ಲಿ, ಗಡಿಯಾರದಲ್ಲಿ ಆರು ಗಂಟೆ ಇರುವ ಜಾಗದಲ್ಲಿ ಇಡಿ. ಟ್ರೇಲರಿನ ಹಿಂಬದಿ ಎಡಕ್ಕೆ ಹೋಗಬೇಕೇ? ಕೈಯನ್ನು ಎಡಕ್ಕೆ ಸರಿಸಿ. ಬಲಕ್ಕೆ ಹೋಗಬೇಕೇ? ಬಲಕ್ಕೆ. ತಲೆಯೊಳಗೆ ಉಲ್ಟಾ ಲೆಕ್ಕ ಹಾಕುವ ಪೇಚಾಟ ಇಲ್ಲಿಗೆ ಮುಗಿಯಿತು. ಕುತ್ತಿಗೆ ತಿರುಗಿಸಿ ನೋಡುವ ಬದಲು ಎರಡು ಬದಿಯ ಕನ್ನಡಿಗಳನ್ನು ನಂಬಿದರೆ ಇನ್ನೂ ಸುಲಭ. ಯಾವ ಕನ್ನಡಿಯಲ್ಲಿ ಟ್ರೇಲರ್ ಹೆಚ್ಚು ಹೆಚ್ಚು ಕಾಣತೊಡಗುತ್ತದೋ ಕೈಯನ್ನು ಅದರ ವಿರುದ್ಧದ ಕಡೆಗೆ ಸ್ವಲ್ಪವೇ ಸ್ವಲ್ಪ ಸರಿಸಿ.

ಹೊಸಬರು ಮಾಡುವ ತಪ್ಪು ಒಂದೇ: ಟ್ರೇಲರ್ ತಿರುಗಲಿಲ್ಲ ಎಂದು ಇನ್ನಷ್ಟು ತಿರುಗಿಸುತ್ತಾರೆ. ಟ್ರೇಲರ್ ತಡವಾಗಿ ಸ್ಪಂದಿಸುತ್ತದೆ, ಆದರೆ ಶುರುವಾಯಿತೆಂದರೆ ಬೇಗ ಬೇಗ ಮಡಚಿಕೊಳ್ಳುತ್ತದೆ. ಉದ್ದ ಟ್ರೇಲರಿಗಿಂತ ಗಿಡ್ಡ ಟ್ರೇಲರಿನ ಕಾಟ ಹೆಚ್ಚು. ಮಡಚಿಕೊಂಡದ್ದನ್ನು ಹಿಂದಕ್ಕೇ ಹೋಗುತ್ತಾ ಸರಿಪಡಿಸಲು ಹೋಗಬೇಡಿ. ಮುಂದಕ್ಕೆ ಎಳೆದು, ನೇರ ಮಾಡಿಕೊಂಡು ಮತ್ತೆ ಹೊರಡಿ. ಮುಂದಕ್ಕೆ ಹೋಗುವುದರಲ್ಲಿ ಯಾವ ಅವಮಾನವೂ ಇಲ್ಲ. ಪಳಗಿದವರೇ ಹೆಚ್ಚು ಸಲ ಮುಂದಕ್ಕೆ ಹೋಗುತ್ತಾರೆ.

ಸಮತಟ್ಟು ಮುಗಿದು ಇಳಿಜಾರು ಶುರುವಾಗುವ ಅಂಚಿನಲ್ಲಿ ಒಂದು ಮೋಸವಿದೆ. ಟ್ರೇಲರ್ ಅಂಚಿನಾಚೆ ಇಳಿಯುತ್ತಿದ್ದಂತೆ ಕನ್ನಡಿಯಿಂದ ಮಾಯವಾಗುತ್ತದೆ. ದೋಣಿ ಇಳಿದು ಟ್ರೇಲರ್ ಖಾಲಿಯಾಗಿದ್ದರಂತೂ ಏನೂ ಕಾಣುವುದಿಲ್ಲ. ಇದಕ್ಕೆ ಟ್ರೇಲರಿನ ಎರಡು ಹಿಂತುದಿಗಳಿಗೆ ಎದೆಮಟ್ಟದ ಪ್ಲಾಸ್ಟಿಕ್ ಕೊಳವೆಗಳನ್ನು ನೆಟ್ಟಗೆ ಬಿಗಿಸಿಕೊಂಡರೆ ಅವು ಕಾಣುತ್ತವೆ. ದೋಣಿಯನ್ನು ಹತ್ತಿಸುವಾಗ ದಾರಿ ತೋರಿಸುವುದೂ ಅವೇ. ಅಂಚಿಗೆ ಬರುವ ಮೊದಲೇ ಕಾರು ಮತ್ತು ಟ್ರೇಲರ್ ಒಂದೇ ಗೆರೆಯಲ್ಲಿರಲಿ. ಇಳಿಜಾರಿನಲ್ಲಿ ದೊಡ್ಡ ತಿದ್ದುಪಡಿ ಕೂಡದು.

ಕಾರಿನಲ್ಲಿ ಚಾಲಕನ ಹೊರತು ಯಾರೂ ಇರುವುದು ಬೇಡ, ಮಕ್ಕಳಂತೂ ಬೇಡವೇ ಬೇಡ. ಗಾಜುಗಳು ಇಳಿದಿರಲಿ, ನೀರಿನ ಹತ್ತಿರ ಬಂದಾಗ ಸೀಟ್ ಬೆಲ್ಟ್ ಬಿಚ್ಚಿಕೊಳ್ಳಿ. ದಾರಿ ತೋರಿಸುವವರು ಒಬ್ಬರೇ ಇರಲಿ, ಅವರು ಟ್ರೇಲರಿನ ಹಿಂದೆ ನಿಲ್ಲದೆ ನಿಮ್ಮ ಕನ್ನಡಿಯಲ್ಲಿ ಕಾಣುವಂತೆ ಬದಿಗೆ ನಿಲ್ಲಲಿ. ನಾಲ್ಕು ಜನ ನಾಲ್ಕು ಕಡೆಯಿಂದ ಕೈಬೀಸಿದರೆ ಕಾರು ಐದನೆಯ ಕಡೆಗೆ ಹೋಗುತ್ತದೆ.

ನೀರಿಗೆ

ಎಷ್ಟು ಆಳಕ್ಕೆ ಹೋಗಬೇಕು ಎನ್ನುವುದು ರ‍್ಯಾಂಪಿನ ಇಳಿಜಾರು, ದೋಣಿಯ ತಳ, ಟ್ರೇಲರಿನ ಎತ್ತರ ಎಲ್ಲವನ್ನೂ ಅವಲಂಬಿಸಿದೆ. ಹಲಗೆ ಟ್ರೇಲರಾದರೆ ಚಕ್ರದ ಮಡ್‌ಗಾರ್ಡ್ ಇನ್ನೇನು ಮುಳುಗಬೇಕು ಎನ್ನುವಷ್ಟರಲ್ಲಿ ನಿಲ್ಲಿಸಿ ನೋಡಿ. ದೋಣಿಯ ಹಿಂಬದಿ ಅಲ್ಲಾಡತೊಡಗಿರುತ್ತದೆ. ರೋಲರ್ ಟ್ರೇಲರಿಗೆ ಅದಕ್ಕಿಂತ ಕಡಿಮೆ ಸಾಕು. ಮೊದಲ ಸಲ ದೋಣಿ ಸರಾಗವಾಗಿ ತೇಲಿದಾಗ ನೀರು ಎಲ್ಲಿಗೆ ಬಂದಿದೆ ನೋಡಿ, ಮಡ್‌ಗಾರ್ಡಿನ ಮೇಲೋ ವಿಂಚ್ ಕಂಬದ ಮೇಲೋ ಬಣ್ಣದ ಟೇಪನ್ನು ಸುತ್ತಿಬಿಡಿ. ನನ್ನ ಟ್ರೇಲರಿನ ಮೇಲಿನ ಕೆಂಪು ಟೇಪು ಮಾಸಿ ಗುಲಾಬಿಯಾಗಿದೆ, ಆದರೂ ಅಷ್ಟು ಉಪಯೋಗಕ್ಕೆ ಬಂದ ವಸ್ತು ಇನ್ನೊಂದಿಲ್ಲ.

ಕಾರನ್ನು ನಿಲ್ಲಿಸುವುದಕ್ಕೂ ಒಂದು ಕ್ರಮವಿದೆ. ಆಟೊಮ್ಯಾಟಿಕ್ ಕಾರಾದರೆ ಬ್ರೇಕ್ ತುಳಿದೇ ಗೇರನ್ನು ನ್ಯೂಟ್ರಲಿಗೆ ತನ್ನಿ, ಹ್ಯಾಂಡ್‌ಬ್ರೇಕ್ ಪೂರ್ತಿ ಎಳೆಯಿರಿ, ಕಾಲನ್ನು ಮೆಲ್ಲಗೆ ಸಡಿಲಿಸಿ ಭಾರವೆಲ್ಲ ಹ್ಯಾಂಡ್‌ಬ್ರೇಕಿನ ಮೇಲೆ ಕೂರಲು ಬಿಡಿ, ಆಮೇಲೆ ಪಾರ್ಕಿಗೆ ಹಾಕಿ. ನೇರವಾಗಿ ಪಾರ್ಕಿಗೆ ಹಾಕಿದರೆ ಕಾರು, ಟ್ರೇಲರ್, ದೋಣಿ ಮೂರರ ಭಾರವೂ ಗೇರುಪೆಟ್ಟಿಗೆಯೊಳಗಿನ ಒಂದು ಸಣ್ಣ ಹಲ್ಲಿನ ಮೇಲೆ ನೇತಾಡುತ್ತದೆ. ಗೇರ್ ಬದಲಿಸುವ ಕಾರಾದರೆ ಹ್ಯಾಂಡ್‌ಬ್ರೇಕಿನ ಜೊತೆಗೆ ಮೊದಲ ಗೇರ್. ಎರಡರಲ್ಲಿ ಯಾವುದಾದರೂ ಸರಿ, ಕಾರಿನ ಚಕ್ರಕ್ಕೆ ಹಿಂದಿನಿಂದ ಬೆಣೆ ಕೊಡದೆ ಕಾರಿನಿಂದ ದೂರ ಹೋಗಬೇಡಿ. ಕಾರು ನೀರಿಗೆ ಜಾರುವ ಘಟನೆಗಳು ಬಹುಮಟ್ಟಿಗೆ ಈ ಒಂದು ಮರದ ತುಂಡಿಲ್ಲದೆ ಆಗುವಂಥವು.

ಈಗ ಎಂಜಿನ್ನನ್ನು ಇಳಿಸಿ, ಅದರ ತುದಿ ನೀರಿನಲ್ಲಿ ಮುಳುಗಿದೆಯೆಂದು ಖಚಿತಪಡಿಸಿಕೊಂಡು ಚಾಲೂ ಮಾಡಿ. ದೋಣಿ ಇನ್ನೂ ಟ್ರೇಲರಿಗೆ ಕಟ್ಟಿಕೊಂಡೇ ಇರಲಿ. ಎಂಜಿನ್ ಹಟ ಮಾಡುವುದಿದ್ದರೆ ಇಲ್ಲೇ ಮಾಡಿಬಿಡಲಿ, ಗಾಳಿಗೆ ತೇಲಿಹೋದ ಮೇಲೆ ಬೇಡ. ಔಟ್‌ಬೋರ್ಡ್ (ದೋಣಿಯ ಹಿಂಬದಿಗೆ ಹೊರಗಡೆ ಬಿಗಿದ) ಎಂಜಿನ್ನಿನ ಹಿಂಬದಿಯಿಂದ ತಂಪುನೀರಿನ ಸಣ್ಣ ಧಾರೆ ಚಿಮ್ಮುತ್ತಿದೆಯೇ ನೋಡಿ. ಪೆಟ್ರೋಲ್ ಎಂಜಿನ್ ದೋಣಿಯ ಒಳಗೇ ಇದ್ದರೆ ಚಾಲೂ ಮಾಡುವ ಮುನ್ನ ಗಾಳಿ ಹೊರದೂಡುವ ಬ್ಲೋವರನ್ನು ಕನಿಷ್ಠ 4 ನಿಮಿಷ ಓಡಿಸಬೇಕು. ಪೆಟ್ರೋಲಿನ ಆವಿ ಗಾಳಿಗಿಂತ ಭಾರ, ತಳದಲ್ಲಿ ಕೂತಿರುತ್ತದೆ, ಒಂದು ಕಿಡಿ ಸಾಕು.

ಎಂಜಿನ್ ಸರಿಯಿದೆಯೆಂದರೆ ಮುಂದಿನ ಹಗ್ಗ ಯಾರದಾದರೂ ಕೈಯಲ್ಲಿದೆಯೆಂದು ನೋಡಿಕೊಂಡು, ವಿಂಚಿನ ಕೊಕ್ಕೆಯನ್ನೂ ಸರಪಳಿಯನ್ನೂ ಕಳಚಿ, ಮೆಲ್ಲಗೆ ಹಿಂದಕ್ಕೆ ಸರಿಯಿರಿ. ಒಬ್ಬರೇ ಇದ್ದರೆ, ಎಂಜಿನ್ ಸರಿಯಿದೆ ಎಂದು ನೋಡಿ ನಿಲ್ಲಿಸಿ, ಹಗ್ಗದ ಇನ್ನೊಂದು ತುದಿಯನ್ನು ಜಟ್ಟಿಯ ಗೂಟಕ್ಕೆ ಕಟ್ಟಿ, ದೋಣಿಯನ್ನು ಕೈಯಿಂದ ತಳ್ಳಿ ಬಿಡಬಹುದು. ಹಗ್ಗ ಬಿಗಿಯಾದಾಗ ದೋಣಿ ತಾನಾಗಿ ಜಟ್ಟಿಯ ಕಡೆ ತಿರುಗುತ್ತದೆ. ಫೆಂಡರ್ ಇರುವುದೇ ಅದಕ್ಕೆ; ತೇಲುವ ದೋಣಿಗೂ ಜಟ್ಟಿಗೂ ನಡುವೆ ಕೈ ಅಥವಾ ಕಾಲು ಚಾಚಿ ತಡೆಯಬೇಡಿ. ಕಾರನ್ನು ತಕ್ಷಣ ಮೇಲಕ್ಕೊಯ್ದು ಸಾಲನ್ನು ಖಾಲಿ ಮಾಡಿ. ಹರಟೆಗೆ ಜಟ್ಟಿಯ ಆಚೆ ತುದಿ ಇದೆ.

ಮರಳಿ ಹತ್ತಿಸುವುದು

ಇಳಿಸುವಾಗ ಗುರುತ್ವ ನಿಮ್ಮ ಕಡೆ, ಹತ್ತಿಸುವಾಗ ಅದು ಎದುರಾಳಿ. ಜೊತೆಗೆ ದಣಿವು, ಸಂಜೆಯ ಗಾಳಿ, ಎಲ್ಲರೂ ಒಟ್ಟಿಗೇ ಮರಳುವ ಗದ್ದಲ. ದೋಣಿಯನ್ನು ಜಟ್ಟಿಗೆ ಕಟ್ಟಿ, ಜನರನ್ನು ಇಳಿಸಿ, ಕಾರು ತಂದು ಸಾಲಿನಲ್ಲಿ ನಿಲ್ಲಿ.

ಟ್ರೇಲರನ್ನು ಮೊದಲು ಆಳಕ್ಕೆ ಮುಳುಗಿಸಿ ಹಲಗೆಗಳ ಕಂಬಳಿ ಒದ್ದೆಯಾಗಲಿ, ಆಮೇಲೆ ಮಡ್‌ಗಾರ್ಡಿನ ತಲೆ ನೀರಿನಿಂದ ಹೊರಗೆ ಕಾಣುವಷ್ಟು ಮುಂದಕ್ಕೆ ತನ್ನಿ. ಆಳ ಹೆಚ್ಚಾದಷ್ಟೂ ಸುಲಭ ಎಂದು ಎಲ್ಲರೂ ಭಾವಿಸುತ್ತಾರೆ. ನಿಜ ಅದಕ್ಕೆ ತದ್ವಿರುದ್ಧ. ಟ್ರೇಲರ್ ತೀರ ಆಳದಲ್ಲಿದ್ದರೆ ದೋಣಿ ಅದರ ಮೇಲೆ ಕೂರದೆ ತೇಲುತ್ತಲೇ ಇರುತ್ತದೆ, ಅತ್ತಿತ್ತ ತಿರುಗುತ್ತದೆ, ಮೇಲೆ ಎಳೆದಾಗ ಓರೆಯಾಗಿ ಕೂರುತ್ತದೆ. ಸರಿಯಾದ ಆಳದಲ್ಲಿ ಮುಂತುದಿ ಹಲಗೆಗೆ ತಾಗಿ, ತಾನೇ ನಡುವಿಗೆ ಬರುತ್ತದೆ.

ಗಾಳಿ ಅಥವಾ ಸೆಳೆತಕ್ಕೆ ಎದುರಾಗಿ ಬನ್ನಿ, ಎಷ್ಟು ನಿಧಾನವೆಂದರೆ ತಾಗಿದರೂ ನೋವಾಗದಷ್ಟು. ಅಡ್ಡಗಾಳಿ ಇದ್ದರೆ ಟ್ರೇಲರಿನ ನಡುವಿಗೆ ಗುರಿಯಿಡದೆ ಗಾಳಿ ಬರುವ ಬದಿಯ ಕೊಳವೆಯ ಕಡೆಗೆ ಗುರಿಯಿಡಿ. ಉಳಿದದ್ದನ್ನು ಗಾಳಿ ಮಾಡುತ್ತದೆ. ಮುಂತುದಿ ಒಳಗೆ ಬಂದ ಮೇಲೂ ಹಿಂಬದಿಯನ್ನು ಗಾಳಿ ತಳ್ಳುತ್ತಿದ್ದರೆ ಎಂಜಿನ್ನಿನೊಂದಿಗೆ ಗುದ್ದಾಡಬೇಡಿ, ಜಟ್ಟಿಯ ಮೇಲಿರುವವರು ಹಿಂಬದಿಯ ಹಗ್ಗ ಹಿಡಿದು ನೇರ ಮಾಡಲಿ. ಒಮ್ಮೆ ತಪ್ಪಿದರೆ ಹಿಂದಕ್ಕೆ ಹೋಗಿ ಹೊಸದಾಗಿ ಬನ್ನಿ.

ಎಂಜಿನ್ನಿನ ಬಲದಿಂದಲೇ ದೋಣಿಯನ್ನು ಟ್ರೇಲರಿನ ತುದಿಯವರೆಗೆ ನೂಕಿ ಹತ್ತಿಸುವ ರೂಢಿ ಹಲವರಿಗಿದೆ. ನೋಡಲು ಚುರುಕಾಗಿರುತ್ತದೆ, ಆದರೆ ಪ್ರೊಪೆಲ್ಲರಿನ ರಭಸದ ನೀರು ಕಾಂಕ್ರೀಟು ಮುಗಿಯುವ ಕಡೆಯ ಮಣ್ಣನ್ನು ಕೊರೆದು ಗುಂಡಿ ಮಾಡುತ್ತದೆ, ಕೊರೆದ ಮಣ್ಣು ಸ್ವಲ್ಪ ಆಚೆ ದಿಬ್ಬವಾಗಿ ಕೂರುತ್ತದೆ. ನೀರು ಇಳಿದಾಗ ಬರುವ ಇನ್ನಾರದೋ ಟ್ರೇಲರಿನ ಚಕ್ರ ಆ ಗುಂಡಿಗೆ ಬೀಳುತ್ತದೆ, ಇನ್ನಾರದೋ ಪ್ರೊಪೆಲ್ಲರ್ ಆ ದಿಬ್ಬಕ್ಕೆ ಬಡಿಯುತ್ತದೆ. ಎಷ್ಟೋ ರ‍್ಯಾಂಪುಗಳಲ್ಲಿ ಇದಕ್ಕೆ ನಿಷೇಧದ ಫಲಕವೇ ಇರುತ್ತದೆ. ಮುಂತುದಿ ವಿಂಚ್ ಕಂಬದ ರೋಲರಿನಿಂದ ಒಂದೆರಡು ಅಡಿ ದೂರವಿರುವಾಗ ಎಂಜಿನ್ ನಿಲ್ಲಿಸಿ, ಉಳಿದದ್ದನ್ನು ವಿಂಚಿನಿಂದ ಎಳೆಯಿರಿ.

ವಿಂಚಿನ ಹಲ್ಲಿಗೆ ತಡೆ ಬಿದ್ದಿದೆಯೆಂದು ಟಕ್ ಟಕ್ ಸದ್ದಿನಿಂದ ತಿಳಿಯುತ್ತದೆ. ಆ ಸದ್ದು ಕೇಳದಿದ್ದರೆ ಹಿಡಿಕೆಯನ್ನು ಬಿಡಲೇಬೇಡಿ. ಬಿಟ್ಟರೆ ಅದು ಫ್ಯಾನಿನಂತೆ ತಿರುಗುತ್ತದೆ, ಮುರಿಯುವುದು ಮಣಿಕಟ್ಟು. ಬಿಗಿಯಾದ ಪಟ್ಟಿಯ ನೇರಕ್ಕೆ ಯಾರೂ ನಿಲ್ಲಬಾರದು. ಮುಂತುದಿ ರೋಲರಿಗೆ ಒತ್ತಿದ ಮೇಲೆ ಸರಪಳಿ ಸಿಕ್ಕಿಸಿ, ಎಂಜಿನ್ನನ್ನು ಮೇಲಕ್ಕೆತ್ತಿ, ಬೆಣೆ ತೆಗೆದು, ಮೆಲ್ಲಗೆ ಹೊರಡಿ. ದೋಣಿ ನೀರಿನಿಂದ ಮುಕ್ಕಾಲು ಹೊರಬಂದಾಗ ಒಮ್ಮೆ ನಿಲ್ಲಿಸಿ ಹಿಂದಿನಿಂದ ನೋಡಿ. ಓರೆಯಾಗಿದ್ದರೆ ಮತ್ತೆ ಇಳಿದು ತೇಲಿಸಿ ಸರಿಮಾಡಿ. ಒಣ ನೆಲದ ಮೇಲೆ ನೂಕಿ ಸರಿಪಡಿಸಲು ಹೋದವರು ಬೆನ್ನು ಹಿಡಿದುಕೊಂಡದ್ದನ್ನಷ್ಟೇ ನಾನು ಕಂಡಿದ್ದೇನೆ.

ಚಕ್ರ ಹಾವಸೆಯ ಮೇಲೆ ಸುಮ್ಮನೆ ತಿರುಗುತ್ತಿದ್ದರೆ ಆಕ್ಸಿಲರೇಟರ್ ಒತ್ತಿದಷ್ಟೂ ಜಾರುವುದೇ ಹೆಚ್ಚು. ನಾಲ್ಕು ಚಕ್ರದ ಚಾಲನೆಯಿದ್ದರೆ ಕೆಳ ಗೇರಿಗೆ ಹಾಕಿ. ಇಲ್ಲದಿದ್ದರೆ ಮೇಲಿನ ಒಣ ನೆಲದಲ್ಲಿ ನಿಂತ ಇನ್ನೊಂದು ವಾಹನದಿಂದ ಎಳೆಸಿಕೊಳ್ಳುವುದೇ ಮೇಲು. ಟ್ರೇಲರಿನ ಚಕ್ರ ಕಾಂಕ್ರೀಟಿನಂಚಿನಿಂದ ಕೆಳಗೆ ಬಿದ್ದಿದ್ದರೆ ಎಳೆದು ತೆಗೆಯಲು ಹೋಗಬೇಡಿ, ಆಕ್ಸಲ್ಲೇ ಕಿತ್ತು ಬರುತ್ತದೆ. ದೋಣಿಯನ್ನು ತೇಲಿಸಿ ಭಾರ ಇಳಿಸಿ, ನಾಲ್ಕು ಜನ ಸೇರಿ ಟ್ರೇಲರಿನ ಹಿಂಬದಿಯನ್ನು ಎತ್ತಿ ಅಂಚು ದಾಟಿಸಿ. ನೀರು ಏರುವವರೆಗೆ ಕಾಯುವುದೂ ಒಂದು ಉಪಾಯವೇ.

ಮೇಲೆ ಬಂದ ಮೇಲೆ

ಮತ್ತೆ ಸಮತಟ್ಟಾದ ಜಾಗಕ್ಕೆ ಬನ್ನಿ, ಬಿರಡೆ ತೆಗೆದು ನೀರು ಬಸಿಯಲು ಬಿಡಿ. ಮೀನಿನ ತೊಟ್ಟಿಯನ್ನೂ ಖಾಲಿ ಮಾಡಿ. ಟ್ರೇಲರಿನ ಆಕ್ಸಲ್, ರೋಲರು, ಪ್ರೊಪೆಲ್ಲರಿಗೆ ಸುತ್ತಿಕೊಂಡ ಕಳೆಯನ್ನು ಕಿತ್ತು ನೀರಿನಿಂದ ದೂರ ಒಣನೆಲಕ್ಕೆ ಹಾಕಿ. ಕಪ್ಪು ಸಮುದ್ರ ಮತ್ತು ಕ್ಯಾಸ್ಪಿಯನ್ ಪ್ರದೇಶದ ಜೀಬ್ರಾ ಮಸೆಲ್ ಎಂಬ ಉಗುರಿನಷ್ಟಗಲದ ಚಿಪ್ಪುಜೀವಿ 1988ರಲ್ಲಿ ಉತ್ತರ ಅಮೆರಿಕದ ಸೇಂಟ್ ಕ್ಲೇರ್ ಸರೋವರದಲ್ಲಿ ಪತ್ತೆಯಾಯಿತು. ಅಲ್ಲಿಂದ ಒಳನಾಡಿನ ಸರೋವರಗಳಿಗೆ ಅದು ಹಬ್ಬಿದ್ದರಲ್ಲಿ ಟ್ರೇಲರಿನ ಮೇಲೆ ಸಾಗಿದ ದೋಣಿಗಳ ಪಾಲು ದೊಡ್ಡದು. ಅದರ ಮರಿಗಳು ಕಣ್ಣಿಗೆ ಕಾಣುವುದಿಲ್ಲ, ದೋಣಿಯ ತಳದಲ್ಲಿ ಉಳಿದ ಒಂದು ಲೋಟ ನೀರು ಸಾಕು. ಹಾಗಾಗಿ ಬೇರೆ ಕೆರೆಗೋ ನದಿಗೋ ಹೋಗುವ ಮುನ್ನ ದೋಣಿಯನ್ನು ತೊಳೆದು 5 ದಿನವಾದರೂ ಚೆನ್ನಾಗಿ ಒಣಗಿಸಬೇಕು ಎನ್ನುತ್ತಾರೆ.

ಉಪ್ಪುನೀರಾದರೆ ಟ್ರೇಲರಿನ ಬ್ರೇಕು, ಸ್ಪ್ರಿಂಗು, ವಿಂಚುಗಳಿಗೆ ಅದೇ ದಿನ ಸಿಹಿನೀರು ಹಾಯಿಸಿ, ಎಂಜಿನ್ನಿನೊಳಗೂ ಸಿಹಿನೀರು ಹರಿಸಿ. ನಾಳೆ ನೋಡೋಣ ಎಂದವರ ಬ್ರೇಕು ನಾಳೆಯ ಹೊತ್ತಿಗೆ ಕಂದು ಬಣ್ಣಕ್ಕೆ ತಿರುಗಿರುತ್ತದೆ.

ಹಿಂಬದಿಯ ಪಟ್ಟಿ ಬಿಗಿಯಿರಿ, ದೀಪದ ಪ್ಲಗ್ ಸಿಕ್ಕಿಸಿ, ಗಾಳಿಗೆ ಹಾರುವಂಥದ್ದು ದೋಣಿಯಲ್ಲಿ ಏನಾದರೂ ಉಳಿದಿದೆಯೇ ನೋಡಿ. ಹೊರಟು ಹತ್ತು ಹದಿನೈದು ನಿಮಿಷವಾದ ಮೇಲೆ ಒಮ್ಮೆ ಬದಿಗೆ ನಿಲ್ಲಿಸಿ. ಒದ್ದೆಯಾಗಿದ್ದ ಪಟ್ಟಿ ಅಷ್ಟರಲ್ಲಿ ಸಡಿಲವಾಗಿರುತ್ತದೆ, ಇನ್ನೊಂದು ಸುತ್ತು ಬಿಗಿಯಿರಿ, ಹಾಗೆಯೇ ಬಗ್ಗಿ ಎರಡೂ ಹಬ್‌ಗಳ ಮೇಲೆ ಅಂಗೈ ಇಟ್ಟು ನೋಡಿ.